ಅಂತರಿಕ್ಷವಿಕಿರಣಮಾಪನವೂ ಅನುಪಲಬ್ಧಿವಿಚಾರವೂ

೧. ಪ್ರಸ್ತಾವನೆ

ಕಾಣದಿದ್ದುದೆಲ್ಲವೂ ಇಲ್ಲದುದಲ್ಲವೆಂಬುದು ಶಾಸ್ತ್ರಗಳಲ್ಲಿ ಬಹುಕಾಲದಿಂದ ನೆಲೆಗೊಂಡಿರುವ ನಿರ್ಣಯವು. ಇರುವ ವಸ್ತುವೂ ಕಾಣದೆ ಹೋಗುವುದಕ್ಕೆ ಈಶ್ವರಕೃಷ್ಣನು ಸಾಂಖ್ಯಕಾರಿಕೆಯಲ್ಲಿ ಎಂಟು ಕಾರಣಗಳನ್ನು ಎಣಿಸಿರುವನು: ವಸ್ತುವು ಅತಿದೂರದಲ್ಲಿರುವುದು, ಅತಿಸಮೀಪದಲ್ಲಿರುವುದು, ಇಂದ್ರಿಯವು ಕೆಟ್ಟಿರುವುದು, ಮನಸ್ಸು ಬೇರೆಡೆಯಲ್ಲಿರುವುದು, ವಸ್ತುವು ಅತಿಸೂಕ್ಷ್ಮವಾಗಿರುವುದು, ನಡುವೆ ಮರೆಯಿರುವುದು, ಪ್ರಬಲವಾದ ಬೇರೊಂದರಿಂದ ಅಡಗಿರುವುದು, ತನ್ನಂತಹವುಗಳೊಡನೆ ಬೆರೆತುಹೋಗಿರುವುದು. ಕಣ್ಣಿಗೆ ಹಚ್ಚಿದ ಕಾಡಿಗೆಯು ಆ ಕಣ್ಣಿಗೇ ಕಾಣದು. ಗೋಡೆಯಾಚೆಯ ಗಡಿಗೆಯು ಕಾಣದು. ಹಗಲಿನಲ್ಲಿ ನಕ್ಷತ್ರಗಳು ಕಾಣವು. ರಾಶಿಯಲ್ಲಿ ಬಿದ್ದ ಹೆಸರುಕಾಳು ರಾಶಿಯಲ್ಲಿಯೇ ಇದ್ದರೂ ಇದೇ ಅದೆಂದು ತೋರದು.

ಭಾಟ್ಟಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯನ್ನು, ಎಂದರೆ ಕಾಣದಿರುವಿಕೆಯನ್ನು, ಪ್ರತ್ಯೇಕ ಪ್ರಮಾಣವೆಂದು ಒಪ್ಪುವರು. ನೈಯಾಯಿಕರು ಅದನ್ನು ಪ್ರತ್ಯಕ್ಷಕ್ಕೆ ಸಹಕಾರಿಯೆಂದು ಮಾತ್ರ ಎಣಿಸುವರು. ಈ ಭೇದವಿದ್ದರೂ ಒಂದಂಶದಲ್ಲಿ ಉಭಯರಿಗೂ ಐಕಮತ್ಯವುಂಟು. ವಸ್ತುವು ಇದ್ದಿದ್ದರೆ ಕಂಡೇ ತೀರುತ್ತಿತ್ತೆಂಬ ಯೋಗ್ಯತೆಯಿರುವಲ್ಲಿ ಮಾತ್ರ ಕಾಣದಿರುವಿಕೆಯಿಂದ ಅಭಾವವು ಸಿದ್ಧಿಸುವುದು. ಬೆಳಕಿರುವ ಕೋಣೆಯಲ್ಲಿ ಗಡಿಗೆಯು ಕಾಣದಿದ್ದರೆ ಗಡಿಗೆಯಿಲ್ಲ. ಕತ್ತಲೆಯ ಕೋಣೆಯಲ್ಲಿ ಕಾಣದಿದ್ದರೆ ಏನನ್ನೂ ನಿರ್ಣಯಿಸಲಾಗದು.

ಈ ನಿಯಮವು ಪಾಠಶಾಲೆಯ ವಾದಕ್ಕೆ ಮಾತ್ರ ಮೀಸಲಾದುದಲ್ಲ. ೧೯೫೮ನೆಯ ಇಸವಿಯಲ್ಲಿ ಭೂಮಿಯನ್ನು ಸುತ್ತುತ್ತಿದ್ದ ಒಂದು ಸಣ್ಣ ಉಪಗ್ರಹದೊಳಗಿನ ಯಂತ್ರವು, ಕಣಗಳು ಅತ್ಯಂತ ದಟ್ಟವಾಗಿದ್ದ ಎಡೆಯಲ್ಲಿಯೇ ಸೊನ್ನೆಯನ್ನು ತೋರಿಸಿತು. ಆ ಸೊನ್ನೆಯ ಅರ್ಥವೇನೆಂಬ ಪ್ರಶ್ನೆಯಿಂದಲೇ ಅಂತರಿಕ್ಷದ ವಿಕಿರಣವನ್ನು ಅಳೆಯುವ ವಿದ್ಯೆಯು ಬೆಳೆಯಿತು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಕಣಗ್ರಾಹಕಗಳು ಇಂದು ಉಪಗ್ರಹಗಳಲ್ಲಿ ಈ ಕೆಲಸವನ್ನು ಹೇಗೆ ಮಾಡುತ್ತಿವೆ, ಅವುಗಳ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ಎರಡಂಶಗಳನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ. ಪ್ರಾಚೀನರಿಗೆ ಈ ಯಂತ್ರಗಳು ತಿಳಿದಿದ್ದುವೆಂದು ಸಾಧಿಸುವ ಉದ್ದೇಶವು ಇಲ್ಲಿ ಲೇಶವೂ ಇಲ್ಲ. ಅವರು ಮಾಡಿಟ್ಟ ವಿವೇಚನೆಯು ಇಲ್ಲಿಯೂ ಉಪಯೋಗಕ್ಕೆ ಬರುವುದೆಂಬಷ್ಟೇ ತಾತ್ಪರ್ಯ.

೨. ವಿಕಿರಣದ ಸ್ವರೂಪ

ಇಲ್ಲಿ ವಿಕಿರಣವೆಂದರೆ ಮುಖ್ಯವಾಗಿ ವಿದ್ಯುದಾವೇಶವುಳ್ಳ ಅತಿವೇಗದ ಕಣಗಳ ಪ್ರವಾಹವೆಂದು ತಿಳಿಯಬೇಕು. ಇದರ ಮೂಲಗಳು ಮೂರು. ಸೂರ್ಯಮಂಡಲದ ಹೊರಗಿನಿಂದ ಎಲ್ಲ ದಿಕ್ಕುಗಳಿಂದಲೂ ಬರುವ ವಿಶ್ವಕಿರಣಗಳು ಮೊದಲನೆಯವು. ಸೂರ್ಯನಲ್ಲಿ ಕ್ಷೋಭೆಯುಂಟಾದಾಗ ಹೊರಹೊಮ್ಮುವ ಕಣಗಳು ಎರಡನೆಯವು. ಭೂಮಿಯ ಕಾಂತಕ್ಷೇತ್ರದಲ್ಲಿ ಸೆರೆಸಿಕ್ಕಿ ತಿರುಗುತ್ತಿರುವ ಪ್ರೋಟಾನ್ ಮತ್ತು ಎಲೆಕ್ಟ್ರಾನ್‌ಗಳು ಮೂರನೆಯವು.

ಇವುಗಳಲ್ಲಿ ಮೊದಲು ತಿಳಿದುಬಂದವು ವಿಶ್ವಕಿರಣಗಳು. ಆಸ್ಟ್ರಿಯಾ ದೇಶದ ವಿಕ್ಟರ್ ಹೆಸ್ಸನು ೧೯೧೨ನೆಯ ಆಗಸ್ಟ್ ೭ರಂದು ಬಲೂನಿನಲ್ಲಿ ಸುಮಾರು ೫,೩೦೦ ಮೀಟರು ಎತ್ತರಕ್ಕೆ ಏರಿ, ಗಾಳಿಯಲ್ಲಿನ ವಿದ್ಯುದಾವೇಶವು ಮೇಲೇರಿದಂತೆ ಹೆಚ್ಚುವುದನ್ನು ಅಳೆದನು. ವಿಕಿರಣವು ನೆಲದಿಂದ ಮಾತ್ರ ಬರುವುದಾದರೆ ಮೇಲೆ ಹೋದಂತೆ ಅದು ಕಡಿಮೆಯಾಗಬೇಕಾಗಿತ್ತು. ಈ ಶೋಧಕ್ಕಾಗಿ ಆತನಿಗೆ ೧೯೩೬ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಈ ಕಥೆಯಲ್ಲಿ ಬೆಂಗಳೂರಿಗೂ ಒಂದು ಪಾಲುಂಟು. ೧೯೩೯-೪೦ರ ಚಳಿಗಾಲದಲ್ಲಿ ಅಮೆರಿಕಾದ ರಾಬರ್ಟ್ ಮಿಲಿಕನ್, ವಿಕ್ಟರ್ ನೇಹರ್ ಮತ್ತು ವಿಲಿಯಂ ಪಿಕರಿಂಗ್ ಎಂಬ ಮೂವರು ಭಾರತಕ್ಕೆ ಬಂದು ಬೆಂಗಳೂರು, ಆಗ್ರಾ, ಪೇಶಾವರ ಈ ಮೂರು ಊರುಗಳಿಂದ ಉಪಕರಣಗಳನ್ನು ಕಟ್ಟಿದ ಬಲೂನುಗಳನ್ನು ಹಾರಿಸಿದರು. ಭೂಮಿಯ ಕಾಂತಕ್ಷೇತ್ರವು ಮಂದಶಕ್ತಿಯ ಕಣಗಳನ್ನು ತಿರುಗಿಸಿ ಹೊರಕ್ಕೆ ಕಳುಹಿಸುತ್ತದೆ. ಈ ತಡೆಯು ಕಾಂತೀಯ ವಿಷುವದ್ರೇಖೆಯ ಬಳಿ ಅತ್ಯಂತ ಪ್ರಬಲವಾಗಿಯೂ ಧ್ರುವಗಳ ಬಳಿ ದುರ್ಬಲವಾಗಿಯೂ ಇರುವುದು. ಬೆಂಗಳೂರು ಆ ರೇಖೆಗೆ ಸಮೀಪವಾದುದರಿಂದ, ನೆತ್ತಿಯ ನೇರಕ್ಕೆ ಅಲ್ಲಿಗೆ ಇಳಿಯಬೇಕಾದ ಪ್ರೋಟಾನಿಗೆ ೧,೫೦೦ ಕೋಟಿ ಎಲೆಕ್ಟ್ರಾನ್ ವೋಲ್ಟಿಗೂ ಮಿಕ್ಕ ಶಕ್ತಿಯು ಬೇಕಾಗುವುದು. ಎಲೆಕ್ಟ್ರಾನ್ ವೋಲ್ಟೆಂಬುದು ಕಣಗಳ ಶಕ್ತಿಯನ್ನು ಹೇಳುವ ಅತಿಸಣ್ಣ ಮಾನ. ಒಂದು ಎಲೆಕ್ಟ್ರಾನು ಒಂದು ವೋಲ್ಟಿನ ಅಂತರವನ್ನು ದಾಟುವಾಗ ಪಡೆಯುವ ಶಕ್ತಿಯಷ್ಟು. ದಕ್ಷಿಣದಿಂದ ಉತ್ತರಕ್ಕೆ ಮೂರು ಕಡೆಗಳಲ್ಲಿ ಅಳೆದು ಹೋಲಿಸಿದರೆ, ಕಾಂತಕ್ಷೇತ್ರವೆಂಬ ಜರಡಿಯಿಂದ ಕಣಗಳು ಹೇಗೆ ಸೋಸಲ್ಪಡುವುವೆಂಬುದು ಗೊತ್ತಾಗುವುದು. ಅಂದು ಬೆಂಗಳೂರಿನಲ್ಲಿ ಬಲೂನು ಹಾರಿಸಿದ ಪಿಕರಿಂಗನೇ, ಹದಿನೆಂಟು ವರ್ಷಗಳ ಬಳಿಕ ಅಮೆರಿಕಾದ ಮೊದಲನೆಯ ಉಪಗ್ರಹವನ್ನು ಕಟ್ಟಿದ ಪ್ರಯೋಗಶಾಲೆಯ ನಿರ್ದೇಶಕನಾಗಿದ್ದನು.

೩. ಸೊನ್ನೆಯ ಅರ್ಥ

ಆ ಉಪಗ್ರಹವೇ ಎಕ್ಸ್‌ಪ್ಲೋರರ್-೧. ಅಮೆರಿಕಾದ ದಿನಮಾನದಂತೆ ೧೯೫೮ನೆಯ ಜನವರಿ ೩೧ರಂದು ಮೇಲೇರಿದ ಇದರ ತೂಕವು ಸುಮಾರು ೧೪ ಕಿಲೋಗ್ರಾಮು; ಭೂಮಿಯಿಂದ ಇದರ ದೂರವು ೩೫೮ರಿಂದ ೨,೫೫೦ ಕಿಲೋಮೀಟರುಗಳವರೆಗೆ ಏರಿಳಿಯುತ್ತಿತ್ತು. ಇದರಲ್ಲಿ ಅಯೋವಾ ವಿಶ್ವವಿದ್ಯಾನಿಲಯದ ಜೇಮ್ಸ್ ವ್ಯಾನ್ ಅಲೆನ್ ಮತ್ತು ಅವನ ಸಂಗಡಿಗರು ಒಂದು ಗೈಗರ್-ಮ್ಯುಲರ್ ನಳಿಕೆಯನ್ನು ಇರಿಸಿದ್ದರು.

ಈ ನಳಿಕೆಯ ರಚನೆಯು ಸರಳವಾದುದು. ಲೋಹದ ಕೊಳವೆಯೊಳಗೆ ವಿರಳವಾದ ಅನಿಲ. ನಡುವೆ ಒಂದು ತಂತಿ. ತಂತಿಗೂ ಕೊಳವೆಗೂ ನಡುವೆ ನೂರಾರು ವೋಲ್ಟುಗಳ ವಿದ್ಯುದಂತರ. ಕಣವೊಂದು ಒಳಹೊಕ್ಕು ಅನಿಲದ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತರೆ, ಅವು ತಂತಿಯ ಕಡೆಗೆ ಧಾವಿಸುತ್ತ ಮತ್ತಷ್ಟು ಎಲೆಕ್ಟ್ರಾನುಗಳನ್ನು ಕೀಳುವುವು. ಹೀಗೆ ಉಂಟಾದ ಪ್ರವಾಹವು ಒಂದು ವಿದ್ಯುತ್ಸ್ಪಂದನವಾಗಿ ಹೊರಬೀಳುವುದು. ಒಂದು ಕಣಕ್ಕೆ ಒಂದು ಸ್ಪಂದನ. ಕಣವು ಯಾವ ಜಾತಿಯದು, ಅದರ ಶಕ್ತಿಯೆಷ್ಟು ಎಂಬುದನ್ನು ನಳಿಕೆಯು ಅರಿಯದು. ಅಲ್ಲದೆ ಒಂದು ಸ್ಪಂದನವಾದ ಮೇಲೆ ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು ಕಾಲ ಅದು ಜಡವಾಗಿರುವುದು.

ಉಪಗ್ರಹವು ಕೆಳಗಿರುವಾಗ ಸೆಕೆಂಡಿಗೆ ಸುಮಾರು ೩೦ ಎಣಿಕೆಗಳು ಬಂದುವು. ಇದು ವಿಶ್ವಕಿರಣಗಳಿಂದ ನಿರೀಕ್ಷಿಸಿದಷ್ಟೇ ಆಗಿತ್ತು. ಎತ್ತರಕ್ಕೆ ಹೋದಾಗ ಎಣಿಕೆಯು ಕೆಲವೆಡೆ ಸೊನ್ನೆಯಾಯಿತು. ಎಕ್ಸ್‌ಪ್ಲೋರರ್-೧ರಲ್ಲಿ ಧ್ವನಿಮುದ್ರಕದಂತಹ ಸಂಗ್ರಹಸಾಧನವಿರಲಿಲ್ಲ. ನೆಲದ ಕೇಂದ್ರವು ಕಿವಿಗೊಟ್ಟಿದ್ದಾಗ ಮಾತ್ರ ಅದರ ಮಾತು ಕೇಳುತ್ತಿತ್ತು. ಮಾರ್ಚ್ ೨೬ರಂದು ಹೋದ ಎಕ್ಸ್‌ಪ್ಲೋರರ್-೩ರಲ್ಲಿ ಸಂಗ್ರಹಸಾಧನವೂ ಇದ್ದುದರಿಂದ ಇಡೀ ಪ್ರದಕ್ಷಿಣೆಯ ಲೆಕ್ಕವು ದೊರೆಯಿತು. ಎಣಿಕೆಯು ಮೊದಲು ವೇಗವಾಗಿ ಏರುವುದು, ಬಳಿಕ ಥಟ್ಟನೆ ಸೊನ್ನೆಗೆ ಇಳಿಯುವುದು, ಕೆಳಗೆ ಬರುವಾಗ ಮತ್ತೆ ಏರುವುದು. ಬರಿಯ ಸೊನ್ನೆಯನ್ನು ನೋಡಿದವರಿಗೆ ಅಲ್ಲಿ ಕಣಗಳಿಲ್ಲವೆಂದೋ ಯಂತ್ರವು ಕೆಟ್ಟಿತೆಂದೋ ತೋರಬಹುದಾಗಿತ್ತು. ಸೊನ್ನೆಯ ಹಿಂದೆಮುಂದೆ ಏನಿತ್ತೆಂಬುದನ್ನು ನೋಡಿದವರಿಗೆ ಮೂರನೆಯ ಅರ್ಥವು ಹೊಳೆಯಿತು. ಕಾರ್ಲ್ ಮ್ಯಾಕ್‌ಇಲ್ವೈನನು ಅಂತಹುದೇ ನಳಿಕೆಯನ್ನು ಪ್ರಬಲವಾದ ಎಕ್ಸ್ ಕಿರಣಗಳ ಮುಂದೆ ಇಟ್ಟು ಪರೀಕ್ಷಿಸಿದನು. ಕಿರಣವು ಮಿತಿಮೀರಿದಾಗ, ಚೇತರಿಸಿಕೊಳ್ಳಲು ನಳಿಕೆಗೆ ಬಿಡುವೇ ದೊರೆಯದೆ, ಸ್ಪಂದನಗಳು ಎಣಿಸುವ ಯಂತ್ರಕ್ಕೆ ತಾಕದಷ್ಟು ಕುಗ್ಗಿಹೋದುವು, ಎಣಿಕೆಯು ಸೊನ್ನೆಯಾಯಿತು. ಕಣಗಳಿಲ್ಲದೆ ಬಂದ ಸೊನ್ನೆಯಲ್ಲ, ಕಣಗಳು ಎಣಿಸಲಾರದಷ್ಟು ಇದ್ದುದರಿಂದ ಬಂದ ಸೊನ್ನೆ. ೧೯೫೮ನೆಯ ಮೇ ೧ರಂದು ವ್ಯಾನ್ ಅಲೆನನು ಇದನ್ನು ವಾಷಿಂಗ್ಟನ್ನಿನಲ್ಲಿ ಪ್ರಕಟಿಸಿದನು.

ಇದು ಎಂಟು ಕಾರಣಗಳಲ್ಲಿ ಯಾವುದಕ್ಕೆ ಸೇರುವುದೆಂಬುದು ವಿಚಾರಣೀಯವಾಗಿದೆ. ಅಭಿಭವವೆನ್ನೋಣವೆಂದರೆ, ಹಗಲಿನ ನಕ್ಷತ್ರಗಳನ್ನು ಅಡಗಿಸುವುದು ಅವುಗಳಿಗಿಂತ ಬೇರೆಯಾದ ಸೂರ್ಯನು. ಇಲ್ಲಿ ಅಡಗಿಸಿದುದೂ ಅಡಗಿದುದೂ ಒಂದೇ. ಆದುದರಿಂದ ಇದನ್ನು ಇಂದ್ರಿಯಘಾತವೆನ್ನುವುದು ಯುಕ್ತ. ಆದರೆ ಆ ಘಾತವು ಬೇರೊಂದು ರೋಗದಿಂದ ಬಂದುದಲ್ಲ. ನೋಡಬೇಕಾದ ವಸ್ತುವಿನಿಂದಲೇ ಬಂದುದು. ನಡುಹಗಲಿನ ಸೂರ್ಯನನ್ನು ದಿಟ್ಟಿಸಿದವನಿಗೆ ಕತ್ತಲೆ ಕವಿಯುವಂತೆ ಎನ್ನಬಹುದು.

ಇದಕ್ಕೂ ಮೊದಲು, ೧೯೫೭ರ ನವೆಂಬರಿನಲ್ಲಿ, ಸೋವಿಯೆತ್ ದೇಶದ ಎರಡನೆಯ ಸ್ಪುಟ್ನಿಕ್ಕಿನಲ್ಲಿ ಸೆರ್ಗೆಯ್ ವೆರ್ನೋವನ ಎಣಿಕೆಯಂತ್ರಗಳಿದ್ದುವು. ಆ ಉಪಗ್ರಹದ ಮಾರ್ಗದ ಎತ್ತರವಾದ ಭಾಗವು ದಕ್ಷಿಣ ಗೋಲಾರ್ಧದ ಮೇಲಿದ್ದುದರಿಂದ ಅಲ್ಲಿಯ ಸಂಕೇತಗಳು ಅವನ ಕೈಗೆ ಬರಲಿಲ್ಲ. ಯಂತ್ರವು ಹೇಳಿದರೂ ಕೇಳುವವರಿಲ್ಲದಿದ್ದರೆ ಜ್ಞಾನವು ಹುಟ್ಟದೆಂಬುದಕ್ಕೆ ಇದೇ ನಿದರ್ಶನ.

ಮುಂದೆ ೧೯೫೮ರ ಡಿಸೆಂಬರಿನ ಪಯೊನೀರ್-೩ರಿಂದ ಈ ಕಣಗಳು ಎರಡು ವಲಯಗಳಾಗಿ ಭೂಮಿಯನ್ನು ಬಳಸಿರುವುದು ವಿಶದವಾಯಿತು. ಸುಮಾರು ೧,೦೦೦ ಕಿಲೋಮೀಟರು ಎತ್ತರದಿಂದ ತೊಡಗುವ ಒಳವಲಯದಲ್ಲಿ ಅತಿಶಕ್ತಿಯ ಪ್ರೋಟಾನುಗಳು ಪ್ರಧಾನ. ಸುಮಾರು ೧೩,೦೦೦ದಿಂದ ೬೦,೦೦೦ ಕಿಲೋಮೀಟರುಗಳವರೆಗಿನ ಹೊರವಲಯದಲ್ಲಿ ಎಲೆಕ್ಟ್ರಾನುಗಳು ಪ್ರಧಾನ. ಭೂಮಿಯ ಕಾಂತಾಕ್ಷವು ಭ್ರಮಣಾಕ್ಷಕ್ಕೆ ಓರೆಯಾಗಿಯೂ ಭೂಕೇಂದ್ರದಿಂದ ೫೦೦ ಕಿಲೋಮೀಟರಿಗೆ ಮಿಕ್ಕು ಸರಿದೂ ಇರುವುದರಿಂದ, ದಕ್ಷಿಣ ಅಮೆರಿಕಾ ಮತ್ತು ದಕ್ಷಿಣ ಅಟ್ಲಾಂಟಿಕ್ ಸಾಗರದ ಮೇಲೆ ಒಳವಲಯವು ಬಹಳ ಕೆಳಕ್ಕೆ ಬಾಗಿದೆ. ಕೆಳಮಾರ್ಗದ ಉಪಗ್ರಹಗಳಿಗೆ ಹೆಚ್ಚಿನ ಅಪಾಯವು ಒದಗುವುದು ಅಲ್ಲಿಯೇ.

೪. ಸಿಲಿಕಾನ್ ಬಿಲ್ಲೆ: ಎಣಿಕೆಯಿಂದ ತೂಕಕ್ಕೆ

ಎಣಿಕೆಯಿಂದ ಮಾತ್ರ ಕಾರ್ಯವು ಪೂರೈಸದು. ನೂರು ಮಂದಿ ಬಂದರೆಂದು ತಿಳಿದರೆ ಸಾಲದು. ಅವರು ಹೊತ್ತು ತಂದ ಭಾರವೆಷ್ಟೆಂದು ತಿಳಿಯಬೇಕು. ಇದಕ್ಕೆ ಒದಗಿಬಂದುದು ಸಿಲಿಕಾನ್. ತೆಳುವಾದ ಸಿಲಿಕಾನ್ ಬಿಲ್ಲೆಗೆ ವಿದ್ಯುತ್ತನ್ನು ಹಿಮ್ಮುಖವಾಗಿ ಹಚ್ಚಿದರೆ, ಅದರೊಳಗೆ ಚಲಿಸಬಲ್ಲ ಆವೇಶಗಳೆಲ್ಲ ಹೊರಕ್ಕೆ ಸರಿದು ಬಿಲ್ಲೆಯು ಬರಿದಾಗುವುದು. ಆಗ ಕಣವೊಂದು ಹಾದುಹೋದರೆ, ಅದು ಬಿಟ್ಟುಹೋದ ಶಕ್ತಿಗೆ ಅನುಗುಣವಾಗಿ ಹೊಸ ಆವೇಶಗಳು ಹುಟ್ಟುವುವು. ಅನಿಲದಲ್ಲಿ ಇಂತಹ ಒಂದು ಜೋಡಿಯನ್ನು ಹುಟ್ಟಿಸಲು ಸುಮಾರು ೩೦ ಎಲೆಕ್ಟ್ರಾನ್ ವೋಲ್ಟಿನಷ್ಟು ಶಕ್ತಿಯು ಬೇಕು, ಸಿಲಿಕಾನಿನಲ್ಲಿ ೩.೬ ಸಾಕು. ಅಲ್ಲದೆ ಸಿಲಿಕಾನು ಘನವಾದುದರಿಂದ, ಕೂದಲೆಳೆಯ ಕೆಲವು ಪಾಲಿನಷ್ಟು ದಪ್ಪದಲ್ಲಿಯೇ ಅಳೆಯತಕ್ಕಷ್ಟು ಶಕ್ತಿಯು ಉಳಿಯುವುದು. ಗ್ರಾಹಕವು ಅತಿಚಿಕ್ಕದಾಗಲು ಇವೆರಡೇ ಕಾರಣ.

ಇದಕ್ಕೆ ಉತ್ತಮವಾದ ಉದಾಹರಣೆಯು ಭಾರತದ ಚಂದ್ರಯಾನ-೧ರಲ್ಲಿದ್ದ ರಾಡೋಮ್ ಎಂಬ ಉಪಕರಣ. ಬೆಂಗಳೂರಿನಲ್ಲಿ ರೂಪುಗೊಂಡು ೨೦೦೮ನೆಯ ಅಕ್ಟೋಬರ್ ೨೨ರಂದು ಶ್ರೀಹರಿಕೋಟೆಯಿಂದ ಹೊರಟ ಆ ನೌಕೆಯಲ್ಲಿ, ಬಲ್ಗೇರಿಯಾದ ವಿಜ್ಞಾನ ಅಕಾಡೆಮಿಯವರು ಮಾಡಿದ ಈ ಮಾಪಕಕ್ಕೆ ನೂರು ಗ್ರಾಮಿಗೂ ಕಡಿಮೆ ತೂಕವಿತ್ತು. ಅದರ ಹೃದಯವು ೨ ಚದರ ಸೆಂಟಿಮೀಟರು ವಿಸ್ತಾರದ, ೦.೩ ಮಿಲಿಮೀಟರು ದಪ್ಪದ ಒಂದು ಸಿಲಿಕಾನ್ ಬಿಲ್ಲೆ. ಪ್ರತಿಯೊಂದು ಕಣವು ಬಿಟ್ಟ ಶಕ್ತಿಯನ್ನು ಅದು ೨೫೬ ಮೆಟ್ಟಿಲುಗಳಲ್ಲಿ ವಿಂಗಡಿಸುತ್ತಿತ್ತು. ಆ ಶಕ್ತಿಗಳನ್ನೆಲ್ಲ ಕೂಡಿಸಿ ಬಿಲ್ಲೆಯ ತೂಕದಿಂದ ಭಾಗಿಸಿದರೆ ವಿಕಿರಣದ ಮಾತ್ರೆಯು ದೊರೆಯುವುದು. ಒಂದು ಕಿಲೋಗ್ರಾಮು ದ್ರವ್ಯದಲ್ಲಿ ಒಂದು ಜೂಲ್ ಶಕ್ತಿಯು ಉಳಿದರೆ ಅದು ಒಂದು ಗ್ರೇ.

ನೌಕೆಯು ಭೂಮಿಯನ್ನು ಸುತ್ತುತ್ತ ಎರಡು ವಲಯಗಳನ್ನೂ ದಾಟುವಾಗ ಒಂದು ಸ್ವಾರಸ್ಯವು ಕಂಡುಬಂದಿತು. ಎಣಿಕೆಯಲ್ಲಿ ಹೆಚ್ಚು ಕಣಗಳು ದೊರೆತುದು ಹೊರವಲಯದಲ್ಲಿ. ಮಾತ್ರೆಯು ಹೆಚ್ಚಾಗಿದ್ದುದು ಒಳವಲಯದಲ್ಲಿ. ಒಂದೊಂದು ಪ್ರೋಟಾನು ಬಿಟ್ಟುಹೋಗುವ ಶಕ್ತಿಯು ಎಲೆಕ್ಟ್ರಾನಿನದಕ್ಕಿಂತ ಬಹಳವಾದುದರಿಂದ ಹೀಗಾಯಿತು. ಎಣಿಸುವ ನಳಿಕೆಯನ್ನು ಮಾತ್ರ ನಂಬಿದವರು ಯಾವ ವಲಯವು ಹೆಚ್ಚು ಕ್ರೂರವೆಂಬುದನ್ನು ತಲೆಕೆಳಗಾಗಿ ಹೇಳುತ್ತಿದ್ದರು. ಬಳಿಕ ಚಂದ್ರನ ನೆಲದಿಂದ ೧೦೦ ಕಿಲೋಮೀಟರು ಮೇಲೆ ಸುತ್ತುವಾಗ ಮಾತ್ರೆಯು ಗಂಟೆಗೆ ೯-೧೦ ಮೈಕ್ರೋಗ್ರೇಯಷ್ಟಿತ್ತು. ೨೦೦೯ರ ಮೇ ತಿಂಗಳಲ್ಲಿ ನೌಕೆಯನ್ನು ೨೦೦ ಕಿಲೋಮೀಟರಿಗೆ ಏರಿಸಿದಾಗ ಅದು ಸ್ವಲ್ಪ ಹೆಚ್ಚಾಯಿತು. ಹತ್ತಿರದಲ್ಲಿರುವಾಗ ಚಂದ್ರನೇ ಆಕಾಶದ ಹೆಚ್ಚಿನ ಭಾಗಕ್ಕೆ ಮರೆಯಾಗಿ ನಿಂತು ಕಣಗಳನ್ನು ತಡೆಯುತ್ತಿದ್ದುದು ಇದಕ್ಕೆ ಒಂದು ಕಾರಣ.

೫. ಚುಕ್ಕೆಗಳ ಹಲಗೆ: ತೂಕದಿಂದ ಗುರುತಿಗೆ

ಒಂಟಿ ಬಿಲ್ಲೆಗೂ ಒಂದು ಕೊರತೆಯುಂಟು. ನೇರವಾಗಿ ತೂರಿಹೋದ ಒಂದು ಕಣವೂ, ಓರೆಯಾಗಿ ಹೆಚ್ಚು ದೂರ ಸಾಗಿದ ಬೇರೊಂದು ಜಾತಿಯ ಕಣವೂ ಒಂದೇ ಶಕ್ತಿಯನ್ನು ಬಿಟ್ಟುಹೋಗಬಹುದು. ಆಗ ಅವೆರಡನ್ನು ಬೇರ್ಪಡಿಸಲಾಗದು. ಕಾರಿಕೆಯ ಎಂಟನೆಯ ಕಾರಣವಾದ ಸಮಾನಾಭಿಹಾರವೇ ಇದು: ರಾಶಿಯಲ್ಲಿ ಬೆರೆತ ಕಾಳು. ಒಂದರ ಹಿಂದೊಂದು ಬಿಲ್ಲೆಗಳನ್ನು ಪೇರಿಸಿ, ಎಲ್ಲಿ ಎಷ್ಟು ಶಕ್ತಿಯು ಉಳಿಯಿತೆಂದು ಹೋಲಿಸುವುದು ಇದಕ್ಕೆ ಹಳೆಯ ಪರಿಹಾರ. ಹೊಸ ಪರಿಹಾರವು ಒಂದೇ ಬಿಲ್ಲೆಯನ್ನು ಸಾವಿರಾರು ಚೌಕಗಳಾಗಿ ವಿಭಾಗಿಸುವುದು.

ಯುರೋಪಿನ ಸರ್ನ್ ಸಂಸ್ಥೆಯಲ್ಲಿ ನೆಲೆಗೊಂಡ ಮೆಡಿಪಿಕ್ಸ್ ಸಹಯೋಗದವರು ರೂಪಿಸಿದ ಟೈಮ್‌ಪಿಕ್ಸ್ ಎಂಬುದು ಇಂತಹ ಗ್ರಾಹಕ. ಹೆಬ್ಬೆರಳಿನ ಉಗುರಿನಷ್ಟೇ ಎನ್ನಬಹುದಾದ, ಸುಮಾರು ೧೪ ಮಿಲಿಮೀಟರು ಚೌಕದಲ್ಲಿ ೨೫೬ ಸಾಲುಗಳು, ಸಾಲಿಗೆ ೨೫೬ ಚುಕ್ಕೆಗಳು, ಒಟ್ಟು ೬೫,೫೩೬. ಒಂದೊಂದರ ಅಗಲ ೫೫ ಮೈಕ್ರೋಮೀಟರು. ಒಂದೊಂದಕ್ಕೂ ತನ್ನದೇ ಆದ ಅಳತೆಯ ಮಂಡಲವುಂಟು. ಈ ಬಳಗದ ಗ್ರಾಹಕಗಳು ಮೊದಲು ವೈದ್ಯರ ಎಕ್ಸ್ ಕಿರಣಚಿತ್ರಗಳಿಗಾಗಿ ಹುಟ್ಟಿದುವು. ಅಂತರಿಕ್ಷದಲ್ಲಿ ಇವು ಕಣಗಳ ಹೆಜ್ಜೆಯ ಗುರುತನ್ನು ಚಿತ್ರಿಸುವುವು. ಹಗುರವಾದ ಎಲೆಕ್ಟ್ರಾನು ಅಡಿಗಡಿಗೆ ದಿಕ್ಕು ತಪ್ಪಿ ಸುರುಳಿಸುರುಳಿಯಾದ ಗೆರೆಯನ್ನು ಬಿಡುವುದು. ಶಕ್ತಿಯುತವಾದ ಪ್ರೋಟಾನು ಓರೆಯಾಗಿ ಬಂದರೆ ನೆಟ್ಟನೆಯ ಗೆರೆಯನ್ನು ಎಳೆಯುವುದು. ಭಾರವಾದ ಪರಮಾಣುಬೀಜವು ದಪ್ಪನಾದ, ಅಂಚಿನಲ್ಲಿ ರೋಮಗಳೆದ್ದಂತಿರುವ ಪಟ್ಟಿಯನ್ನು ಬಿಡುವುದು. ಎಕ್ಸ್ ಕಿರಣವು ಒಂದೆರಡು ಚುಕ್ಕೆಗಳನ್ನು ಮಾತ್ರ ಮುಟ್ಟುವುದು. ಗೆರೆಯ ಉದ್ದದಿಂದ ಕಣವು ಬಂದ ಓರೆಯೂ, ಚುಕ್ಕೆಗಳಲ್ಲಿ ಉಳಿದ ಶಕ್ತಿಯಿಂದ ಅದರ ಭಾರವೂ ತಿಳಿಯುವುವು. ಶಾಸನವನ್ನು ಓದುವವನು ಅಕ್ಷರದ ಮೋಡಿಯಿಂದ ಕಾಲವನ್ನು ಊಹಿಸುವಂತೆ, ಇಲ್ಲಿ ಗೆರೆಯ ಮೋಡಿಯಿಂದ ಜಾತಿಯು ಊಹಿಸಲ್ಪಡುವುದು. ಮೋಡಿಯು ಸಂದಿಗ್ಧವಾದಾಗ ಎರಡೆಡೆಯಲ್ಲಿಯೂ ತಪ್ಪಿಗೆ ಅವಕಾಶವುಂಟು.

೨೦೧೨ರಿಂದ ಅಂತರರಾಷ್ಟ್ರೀಯ ಅಂತರಿಕ್ಷನಿಲ್ದಾಣದಲ್ಲಿ ಇಂತಹ ಗ್ರಾಹಕಗಳು ಬಳಕೆಗೆ ಬಂದುವು. ೨೦೧೩ನೆಯ ಮೇ ತಿಂಗಳಲ್ಲಿ ಹೋದ ಯುರೋಪಿನ ಪ್ರೋಬಾ-ವಿ ಉಪಗ್ರಹದ ಮೇಲೆ, ೮೨೦ ಕಿಲೋಮೀಟರು ಎತ್ತರದಲ್ಲಿ, ಟೈಮ್‌ಪಿಕ್ಸ್ ಗ್ರಾಹಕವು ಬಯಲಿಗೆ ಒಡ್ಡಲ್ಪಟ್ಟಿತು. ೨೦೧೪ನೆಯ ಜುಲೈಯಲ್ಲಿ ಬ್ರಿಟನ್ನಿನ ಉಪಗ್ರಹವೊಂದರಲ್ಲಿ ಹೋದ, ಐದು ಟೈಮ್‌ಪಿಕ್ಸ್‌ಗಳನ್ನುಳ್ಳ ಲ್ಯೂಸಿಡ್ ಎಂಬ ಉಪಕರಣದ ಕಲ್ಪನೆಯು ಕ್ಯಾಂಟರ್ಬರಿಯ ಒಂದು ಶಾಲೆಯ ವಿದ್ಯಾರ್ಥಿಗಳದೆಂಬುದು ಉಪಾಧ್ಯಾಯರು ಗಮನಿಸತಕ್ಕ ಸಂಗತಿ. ೨೦೧೭ನೆಯ ಜೂನ್ ೨೩ರಂದು ಶ್ರೀಹರಿಕೋಟೆಯಿಂದ ಪಿ.ಎಸ್.ಎಲ್.ವಿ. ವಾಹನವು ಒಯ್ದ ಉಪಗ್ರಹಗಳಲ್ಲಿ ಝೆಕ್ ದೇಶದ ವ್ಜ್ಲುಸ್ಯಾಟ್-೧ ಎಂಬುದೂ ಒಂದು. ಸುಮಾರು ಎರಡು ಕಿಲೋಗ್ರಾಮು ತೂಕದ ಆ ಪೆಟ್ಟಿಗೆಯೊಳಗೂ ಟೈಮ್‌ಪಿಕ್ಸ್ ಇದ್ದಿತು.

೬. ಆಕ್ಷೇಪವೂ ಸಮಾಧಾನವೂ

ಇಲ್ಲಿ ಒಂದು ಆಕ್ಷೇಪವು ಬರಬಹುದು. ಸಾಂಖ್ಯರು ಹೇಳಿದ ಕಾರಣಗಳು ಇಂದ್ರಿಯಜ್ಞಾನಕ್ಕೆ ಸಂಬಂಧಿಸಿದವು, ಯಂತ್ರವು ಇಂದ್ರಿಯವಲ್ಲ, ಯಂತ್ರದ ಅಂಕೆಯನ್ನು ನೋಡಿ ಕಣವನ್ನು ತಿಳಿಯುವುದು ಹೊಗೆಯನ್ನು ನೋಡಿ ಬೆಂಕಿಯನ್ನು ತಿಳಿದಂತೆ ಅನುಮಾನವೇ ಹೊರತು ಪ್ರತ್ಯಕ್ಷವಲ್ಲ. ಆಕ್ಷೇಪವು ಸರಿಯಾದುದೇ. ಆದರೆ ಅದರಿಂದ ಪ್ರಕೃತ ನಿಯಮವು ಸಡಿಲವಾಗದೆ ಇನ್ನೂ ಬಿಗಿಯಾಗುವುದು. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು. ಹೊಗೆಯಿಲ್ಲದ ಮಾತ್ರಕ್ಕೆ ಬೆಂಕಿಯಿಲ್ಲವೆಂದು ಊಹಿಸಲಾಗದು, ಕಾದ ಕಬ್ಬಿಣದಲ್ಲಿ ಹೊಗೆಯಿಲ್ಲದ ಬೆಂಕಿಯುಂಟು. ಹಾಗೆಯೇ ಸ್ಪಂದನದಿಂದ ಕಣವು ಸಿದ್ಧಿಸುವುದು. ಸ್ಪಂದನವಿಲ್ಲದ ಮಾತ್ರಕ್ಕೆ ಕಣದ ಅಭಾವವು ಸಿದ್ಧಿಸದು. ಅಭಾವವನ್ನು ಹೇಳಬೇಕಾದರೆ ಯಂತ್ರದ ಯೋಗ್ಯತೆಯನ್ನು ಮೊದಲು ಸಾಧಿಸಬೇಕು.

ಈ ಯೋಗ್ಯತಾಪರೀಕ್ಷೆಯೇ ಮಾಪನವಿದ್ಯೆಯ ಅರ್ಧಭಾಗ. ಹಾರಿಸುವ ಮೊದಲು ಗ್ರಾಹಕವನ್ನು ಶಕ್ತಿಯು ಗೊತ್ತಿರುವ ವಿಕಿರಣದ ಮುಂದೆ ಇಟ್ಟು ಅಳತೆಗೆ ಹೊಂದಿಸುವರು. ಗ್ರಾಹಕದ ಮುಂದಿರುವ ಕವಚದ ದಪ್ಪವನ್ನು ಲೆಕ್ಕಕ್ಕೆ ತರುವರು. ಏಕೆಂದರೆ ಮಂದವಾದ ಕಣಗಳು ಆ ಗೋಡೆಯನ್ನೇ ದಾಟಲಾರವು. ಟೈಮ್‌ಪಿಕ್ಸಿನಲ್ಲಿ ಒಂದು ಚಿತ್ರಕ್ಕೆ ಎಷ್ಟು ಕಾಲ ಕೊಡಬೇಕೆಂಬುದನ್ನು ಸ್ಥಳಕ್ಕೆ ತಕ್ಕಂತೆ ಬದಲಾಯಿಸುವರು. ಕಣಗಳು ವಿರಳವಾದೆಡೆಯಲ್ಲಿ ಹೆಚ್ಚು ಕಾಲ ಬೇಕು. ದಕ್ಷಿಣ ಅಟ್ಲಾಂಟಿಕ್ಕಿನ ಮೇಲೆ ಅಷ್ಟೇ ಕಾಲ ಕೊಟ್ಟರೆ ಗೆರೆಗಳ ಮೇಲೆ ಗೆರೆಗಳು ಬಿದ್ದು ಹಲಗೆಯು ಓದಲಾಗದಂತೆ ತುಂಬಿಹೋಗುವುದು. ಎಕ್ಸ್‌ಪ್ಲೋರರಿನ ನಳಿಕೆಗೆ ಬಂದ ಸಂಕಟವೇ ಇಲ್ಲಿ ಬೇರೊಂದು ವೇಷದಲ್ಲಿ ಬರುವುದು. ಯಂತ್ರವು ಹೊಸದಾದ ಮಾತ್ರಕ್ಕೆ ಕಾರಣಗಳು ಎಂಟರಿಂದ ಏಳಾಗಲಿಲ್ಲ.

೭. ಫಲವಿಚಾರ

ಇಷ್ಟೊಂದು ಸೂಕ್ಷ್ಮತೆಯು ಏತಕ್ಕೆ ಬೇಕೆಂದರೆ, ಫಲವು ಪ್ರಾಣಕ್ಕೆ ಸಂಬಂಧಿಸಿದುದು. ಭೂಮಿಯ ಮೇಲೆ ಮನುಷ್ಯನಿಗೆ ಪ್ರಕೃತಿಸಹಜವಾಗಿ ತಗಲುವ ವಿಕಿರಣವು ಲೋಕದ ಸರಾಸರಿಯಲ್ಲಿ ವರ್ಷಕ್ಕೆ ಸುಮಾರು ೨.೪ ಮಿಲಿಸೀವರ್ಟ್. ಗ್ರೇಯು ದ್ರವ್ಯದಲ್ಲಿ ಉಳಿದ ಶಕ್ತಿಯನ್ನು ಹೇಳಿದರೆ, ಸೀವರ್ಟು ಕಣದ ಜಾತಿಯನ್ನೂ ಗಣಿಸಿ ದೇಹಕ್ಕಾಗುವ ಹಾನಿಯನ್ನು ಹೇಳುವುದು. ಅಂತರಿಕ್ಷನಿಲ್ದಾಣದಲ್ಲಿ ದಿನವೊಂದಕ್ಕೇ ಅರ್ಧದಿಂದ ಒಂದು ಮಿಲಿಸೀವರ್ಟಿನಷ್ಟಾಗುವುದು. ವರ್ಷದ ಪಾಲು ಒಂದು ವಾರದೊಳಗೆ ಮುಗಿಯುವುದು. ಜಾತಿಯು ತಿಳಿಯದೆ ಗ್ರೇಯನ್ನು ಸೀವರ್ಟಾಗಿ ಮಾರ್ಪಡಿಸಲಾಗದು. ಆದುದರಿಂದ ಕಣದ ಗುರುತು ಪಂಡಿತರ ಕುತೂಹಲವಾಗಿ ಮಾತ್ರ ಉಳಿಯದೆ ಯಾತ್ರಿಕನ ಆಯುಸ್ಸಿನ ಲೆಕ್ಕವಾಗಿ ಪರಿಣಮಿಸಿದೆ. ಉಪಗ್ರಹದ ಯಂತ್ರಗಳಿಗೂ ಇದೇ ಭಯವುಂಟು. ಒಂದೇ ಒಂದು ಭಾರವಾದ ಕಣವು ಸ್ಮೃತಿಕೋಶದಲ್ಲಿ ಬರೆದಿಟ್ಟ ಒಂದನ್ನು ಸೊನ್ನೆಯಾಗಿಯೂ ಸೊನ್ನೆಯನ್ನು ಒಂದಾಗಿಯೂ ತಿರುಗಿಸಬಲ್ಲುದು. ೧೯೫೮ರ ಆ ಸೊನ್ನೆಯನ್ನು ಅಭಾವವೆಂದೇ ನಂಬಿದ್ದರೆ, ಅತ್ಯಂತ ಅಪಾಯಕರವಾದ ಪ್ರದೇಶವು ಅತ್ಯಂತ ನಿರ್ಭಯವಾದ ಪ್ರದೇಶವೆಂದು ಪಟದಲ್ಲಿ ಬರೆಯಲ್ಪಡುತ್ತಿತ್ತು.

ಕಡೆಯಲ್ಲಿ ಭಾಷೆಯ ವಿಷಯವಾಗಿ ಒಂದು ಮಾತು. ಕನ್ನಡದಲ್ಲಿ ‘ಇಲ್ಲ’ ಎಂಬ ಪದವು ಎರಡು ಕೆಲಸಗಳನ್ನು ಮಾಡುತ್ತದೆ. ‘ಕಣವಿಲ್ಲ’ ಎಂಬಲ್ಲಿ ಅದು ವಸ್ತುವಿನ ಅಭಾವವನ್ನು ಹೇಳುವುದು. ‘ಕಾಣಲಿಲ್ಲ’ ಎಂಬಲ್ಲಿ ಜ್ಞಾನದ ಅಭಾವವನ್ನು ಮಾತ್ರ ಹೇಳುವುದು. ಪದವು ಒಂದೇ ಆದುದರಿಂದ ಎರಡನೆಯದರಿಂದ ಮೊದಲನೆಯದಕ್ಕೆ ಜಾರುವುದು ಬಹಳ ಸುಲಭ. ವಿಜ್ಞಾನದ ಪಾಠಗಳನ್ನು ಕನ್ನಡದಲ್ಲಿ ಬರೆಯುವವರೂ ಕಲಿಸುವವರೂ, ಯಂತ್ರದ ಸೊನ್ನೆಯನ್ನು ಹೇಳುವಾಗ ‘ಅಲ್ಲಿ ಏನೂ ಇಲ್ಲ’ ಎನ್ನದೆ ‘ಯಂತ್ರಕ್ಕೆ ಕಾಣಲಿಲ್ಲ’ ಎಂದು ಬರೆಯುವ ಅಭ್ಯಾಸವನ್ನು ಇಟ್ಟುಕೊಂಡರೆ, ಯಂತ್ರವು ಕಾಣಬಲ್ಲುದಾಗಿತ್ತೆ ಎಂಬ ಮುಂದಿನ ಪ್ರಶ್ನೆಯು ವಿದ್ಯಾರ್ಥಿಯಲ್ಲಿ ತಾನಾಗಿಯೇ ಹುಟ್ಟುವುದು.